ಬಾಕಿ ಉಳಿದ ಮಾಫಿ

ತಳಕಲ್ಲಿನ ಪಿಂಜಾರ ಓಣಿಯಲ್ಲಿ ಶಾಹಜಾದಬಿ ಎಂಬ ಹೆಣ್ಣುಮಗಳಿದ್ದಳು. ಹೆಸರು ಕೇಳಿದರೆ ಬಾದಶಹನ ಮಗಳು, ಹೊಟ್ಟೆಪಾಡು ನೋಡಿದರೆ ಗಾದಿ ಹೊಲಿಯುವುದು. ಗಂಡ ಅಲ್ಲಾಸಾಬ ಬಿಲ್ಲು ಕಟ್ಟಿಕೊಂಡು ಟೊಂಯ್ ಟೊಂಯ್ ಎಂದು ಅರಳೆ ಹಿಂಜುತ್ತಿದ್ದ. ಹಿಂಜಿದ ಅರಳೆಯನ್ನು ಆಕೆ ಚೀಲಕ್ಕೆ ತುಂಬಿ, ಗೇಣುದ್ದದ ಸೂಜಿಯಿಂದ ಗಾದಿ ಹೊಲಿಯುತ್ತಿದ್ದಳು. ಯಲಬುರ್ಗಾದಲ್ಲಿ ಮದುವೆಯಾಗಲಿ, ಕುಷ್ಟಗಿಯಲ್ಲಿ ಬಾಣಂತನವಾಗಲಿ, ಗಾದಿ ಮಾತ್ರ ಇವರ ಕೈಯದೇ ಆಗಬೇಕು. ಕೊಪ್ಪಳ, ಗಂಗಾವತಿಯ ಸಾಹುಕಾರರು ಕೂಡ ಚಕ್ಕಡಿ ಕಳಿಸಿ ಇಬ್ಬರನ್ನೂ ಕರೆಸಿಕೊಳ್ಳುತ್ತಿದ್ದರು.

ಕೈ ಹೂವಿನಂಥದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲಿಗೆ? ಅಬ್ಬಬ್ಬಾ, ಆ ಗೇಣುದ್ದದ ಸೂಜಿ ಏನೇನೂ ಅಲ್ಲ. ಗಾದಿ ಮಾಡಿಸಿದವರೆಲ್ಲ ಬೆನ್ನಿಗೆ ಮೆತ್ತಗಿನ ಗಾದಿಯನ್ನೂ ಎದೆಗೆ ಚುಚ್ಚುವ ಒಂದು ಮಾತನ್ನೂ ಕೂಡಿಯೇ ಒಯ್ಯುತ್ತಿದ್ದರು. ಗಂಡನೋ, ಮಾತು ಅಂದರೆ ಮೈಲು ದೂರ. ಬಿಲ್ಲಿನ ದಾರ ಹರಿದಾಗ ಮಾತ್ರ "ಯಾ ಅಲ್ಲಾ" ಅನ್ನುತ್ತಿದ್ದ, ಅಷ್ಟೇ.

ಆಕೆಯ ಹಿತ್ತಲಿಗೆ ಹತ್ತಿಕೊಂಡೇ ಬಸವಣ್ಣೆಮ್ಮನ ಹಿತ್ತಲು. ಬಸವಣ್ಣೆಮ್ಮ ಲಿಂಗವಂತರ ಗಂಡಿಲ್ಲದ ಹೆಣ್ಣುಮಗಳು, ಹತ್ತಿ ಬೆಳೆಯುವ ಹೊಲದ ಒಡತಿ. ಇಬ್ಬರ ನಡುವೆ ಮಾತು ನಿಂತು ಎಷ್ಟೋ ವರ್ಷವಾಗಿತ್ತು. ಕಾರಣ ಒಂದು ಗಾದಿ. ಬಸವಣ್ಣೆಮ್ಮನ ಮಗಳ ಮದುವೆಯಲ್ಲಿ, ಬೀಗರೆಲ್ಲ ಹಂದರದಲ್ಲಿ ಕೂತಿರುವಾಗ, ಬಸವಣ್ಣೆಮ್ಮ ಈಕೆ ಹೊಲಿದ ಗಾದಿ ಎತ್ತಿ ನೋಡಿ "ನಾ ಕೊಟ್ಟ ಅರಳಿ ಇಷ್ಟ ಇದ್ದಿಲ್ಲವಾ, ಗಾದಿ ಭಾಳ ಹಗುರಾಗೈತಿ" ಎಂದುಬಿಟ್ಟಳು. ಹಿಂಜಿದರೆ ಕಸ ಕಡ್ಡಿ ಧೂಳು ಹೋಗಿ ಅರಳೆ ಹಗುರಾಗುತ್ತದೆ, ಇದು ಪಿಂಜಾರರ ಕೂಸಿಗೂ ಗೊತ್ತು. ಶಾಹಜಾದಬಿ ಅದನ್ನು ಬಾಯಿಂದ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಸೊಂಟದ ಕತ್ತರಿ ತೆಗೆದು, ಹೊಸ ಗಾದಿಯನ್ನು ಉದ್ದಕ್ಕೂ ಸೀಳಿ, "ತೂಗ್ರಿ! ತಕ್ಕಡಿ ತರ್ರಿ! ಕದ್ದೀನೇನ ನೋಡ್ರಿ!" ಎಂದು ಅರಳೆಯನ್ನು ಬಾಚಿ ಬಾಚಿ ಎಸೆದಳು. ಅಂದು ಗಾಳಿ ಬೇರೆ ಜೋರಿತ್ತು. ಬೀಗರ ತಲೆಯ ಪಟಗ, ಮೀಸೆ, ಎಲೆಯ ಮೇಲಿನ ಹುಗ್ಗಿ, ಎಲ್ಲ ಬೆಳ್ಳಗಾಯಿತು. ಮದುಮಗ ತಾಳಿ ಕಟ್ಟುವಾಗ ಸೀನಿದ, ಒಂದು ಸಲ ಅಲ್ಲ, ತಾಳಿ ಗಂಟು ಬೀಳುವ ತನಕ ಸೀನಿದ. ತೂಕದ ಮಾತು ಯಾರಿಗೂ ನೆನಪಾಗಲಿಲ್ಲ.

ಅಂದಿನಿಂದ ಮಾತು ಬಂದ್. ಆದರೆ ಎರಡು ಬಾಯಿ ಗೋಡೆಯ ಈಚೆಗೊಂದು ಆಚೆಗೊಂದು ಸುಮ್ಮನೆ ಇರುವುದುಂಟೇ? ಬಸವಣ್ಣೆಮ್ಮ ತನ್ನ ಎಮ್ಮೆ ಗಂಗವ್ವನ ಜೊತೆ ಮಾತಾಡಲು ಹತ್ತಿದಳು. ಶಾಹಜಾದಬಿ ತನ್ನ ಕೋಳಿಯ ಜೊತೆ. ಕೋಳಿಯ ಹೆಸರು ಬೇಗಂ. ಒಂದು ಬೇಗಂ ಸತ್ತರೆ ಇನ್ನೊಂದು ಕೋಳಿ ಬೇಗಂ ಆಗುತ್ತಿತ್ತು, ಜಗಳ ಮಾತ್ರ ಹಳೆಯದೇ.

"ಗಂಗವ್ವಾ, ಮುಂಜಾಲೆದ್ದು ಟೊಂಯ್ ಟೊಂಯ್ ಅಂತ ಮಂದಿ ನಿದ್ದಿ ಕೆಡಸ್ತಾರಲ್ಲ, ಅವರಿಗೇನರ ಬುದ್ಧಿ ಐತೇನ ಕೇಳು."

"ಬೇಗಂ, ಹೊತ್ತೇರೂತನಕ ಮಲಗೋರ ಹೊಲದಾಗ ಕಳೆ ಬೆಳಿತೈತಂತ, ಹತ್ತಿ ಅಲ್ಲ. ಹೌದಿಲ್ಲೋ?"

ದಿನಾ ಮುಂಜಾನೆ ಇದೇ ನಡೆಯುತ್ತಿತ್ತು. ಎಮ್ಮೆ ಹಾಲು ಕೊಡುತ್ತಿತ್ತು, ಕೋಳಿ ಕಾಳು ತಿನ್ನುತ್ತಿತ್ತು, ಇಬ್ಬರು ಹೆಂಗಸರೂ ಖುಷಿಯಿಂದ ತಂತಮ್ಮ ಕೆಲಸಕ್ಕೆ ಹತ್ತುತ್ತಿದ್ದರು.

ನಿಜಾಮರ ಸರಕಾರವಿದ್ದ ಕಾಲ, ಸಾವಿರದ ಒಂಬೈನೂರ ಮೂವತ್ತೇಳರ ಸುಮಾರು. ಗಂಡ ಹೆಂಡತಿ ಕೂಡಿ ಗುಲಬರ್ಗಾದ ಬಂದೇನವಾಜರ ದರ್ಗಾಕ್ಕೆ ಹೋಗಿ ಬಂದಿದ್ದರು, ಸುತ್ತಲಿನ ಉರುಸುಗಳಲ್ಲಿ ಸಕ್ಕರೆ ಹಂಚಿದ್ದರು. ಮಕ್ಕಳಿರಲಿಲ್ಲ. ಇದ್ದ ಚೂರು ಹೊಲ ಮಾರಿ ಮಕ್ಕಾಕ್ಕೆ ಹೋಗಿ ಬರೋಣ ಎಂದು ಅಲ್ಲಾಸಾಬ ಒಂದು ದಿನ ಬಿಲ್ಲು ಕೆಳಗಿಟ್ಟು ಹೇಳಿದ. ಆತ ಅಷ್ಟು ಉದ್ದ ಮಾತಾಡಿದ್ದು ಕೇಳಿಯೇ ಶಾಹಜಾದಬಿಗೆ ಇದು ದೇವರ ಇಚ್ಛೆ ಎಂದು ಖಾತ್ರಿಯಾಯಿತು.

ಹಜ್ಜಿಗೆ ಹೊರಡುವವರು ಮೊದಲು ಊರ ಜನರ ಹತ್ತಿರ ಹೋಗಿ ಮಾಫಿ ಕೇಳಬೇಕು, ಇದು ರಿವಾಜು. ಮಸೀದಿಯ ಮುಲ್ಲಾಸಾಬರು ಬಿಡಿಸಿ ಹೇಳಿದರು: "ದೇವರಿಗೆ ಮಾಡಿದ ತಪ್ಪು ದೇವರು ಮಾಫ್ ಮಾಡ್ತಾನ. ಮಂದಿಗೆ ಮಾಡಿದ್ದು ಆ ಮಂದೀನ ಮಾಫ್ ಮಾಡಬೇಕು, ದೇವರು ನಡುವ ಬರೂದಿಲ್ಲ. ಒಬ್ಬರದು ಉಳೀತಂದ್ರೂ ನಿನ್ನ ಹಜ್ ಬರೇ ತಿರುಗಾಟ ನೋಡವಾ."

ಅಲ್ಲಾಸಾಬನ ಮಾಫಿ ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಮುಗಿಯಿತು. ಮಾತೇ ಆಡದವನಿಗೆ ಯಾರು ಏನು ಮಾಫ್ ಮಾಡಬೇಕು? ಆತ ಮನೆಗೆ ಬಂದು ಕಾಲು ಚಾಚಿ ಕೂತ. ಶಾಹಜಾದಬಿ ಮಾತ್ರ ಬೆರಳು ಮಡಿಚುತ್ತ ಲೆಕ್ಕ ಹಾಕಿದಳು. ಕೈಬೆರಳು ಮುಗಿದವು, ಕಾಲ್ಬೆರಳು ಮುಗಿದವು, ಗಂಡನ ಬೆರಳುಗಳನ್ನೂ ಹಿಡಿದಳು. ಆತ "ಸಾಕು, ಏಳು, ನಡಿ" ಎಂದು ಚಪ್ಪಲಿ ಮೆಟ್ಟಿದ.

ಆಮೇಲೆ ಶುರುವಾಯಿತು ನೋಡಿ ನಾಲ್ಕು ತಾಲೂಕಿನ ತಿರುಗಾಟ. ಯಲಬುರ್ಗಾದ ಕಿರಾಣಿ ಅಂಗಡಿಯ ಈಶಪ್ಪ ಕೈಮುಗಿದು ಮಾಫ್ ಮಾಡಿದ, ಮಕ್ಕಾದ ದೇವರ ಮುಂದೆ ತನ್ನ ವ್ಯಾಪಾರದ ಒಂದು ಮಾತು ಹಾಕಬೇಕು ಎಂದ. ಕೊಪ್ಪಳದ ಜೋಹರಾಬಿ ಅಪ್ಪಿಕೊಂಡು ಅತ್ತಳು, ಸೊಸೆಗೆ ಗಂಡು ಕೂಸಾಗುವಂತೆ ಕೇಳು ಎಂದಳು. ಗಂಗಾವತಿಯ ಪಾರ್ವತೆಮ್ಮ ಮಂಡಿನೋವು ಹೇಳಿ ಕಳಿಸಿದಳು. ಕಾಬಾ ಮೊದಲ ಸಲ ಕಣ್ಣಿಗೆ ಬಿದ್ದಾಗ ಕೇಳಿದ ದುವಾ, ದೇವರಿಗಿಟ್ಟ ಬೇಡಿಕೆ, ಹುಸಿ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಬೈಸಿಕೊಂಡವರೆಲ್ಲ ಒಂದೊಂದು ಕೋರಿಕೆ ಹೊರಿಸಿ ಕಳಿಸಿದರು.

ಫಜೀತಿಯಾದದ್ದು ಕುಷ್ಟಗಿಯಲ್ಲಿ. ಅಲ್ಲಿನ ಗೋಣೆಪ್ಪ ದೊಡ್ಡ ಮೀಸೆಯ ಗೌಡ, ಆಕೆಯನ್ನು ಕಂಡು ನಕ್ಕ. "ಅಲ್ಲವಾ, ನನಗ ನೀ ಏನೂ ಅಂದೇ ಇಲ್ಲಲ್ಲ, ಯಾಕ ಮಾಫಿ?"

"ನಿಮ್ಮ ಮುಂದ ಅಂದಿಲ್ರಿ ಗೌಡ್ರ, ಹಿಂದ ಅಂದೀನ್ರಿ."

"ಏನಂದಿ?"

ಅಲ್ಲಾಸಾಬ ಆಕೆಯ ಸೆರಗು ಜಗ್ಗಿದ. ಆದರೆ ಮಾಫಿ ಕೇಳುವವಳು ಸುಳ್ಳು ಹೇಳಬಾರದಲ್ಲ! "ನಿಮ್ಮ ಮೀಸಿ, ಹಳೇ ಗಾದಿ ಹರದು ಅರಳಿ ಹೊರಗ ಬಿದ್ದಂಗ ಐತಿ ಅಂದಿದ್ನಿರಿ."

ಗೋಣೆಪ್ಪನ ಮುಖ ಕೆಂಪಾಯಿತು. ಒಳಗೆ ಬಾಗಿಲ ಸಂದಿಯಲ್ಲಿ ನಿಂತ ಆತನ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು, ಹಿಡಿದಷ್ಟೂ ಜೋರಾಯಿತು ನಗು. ಗೌಡ ಮಾಫ್ ಮಾಡಲು ಅಂದು ಸಂಜೆಯ ತನಕ ಕಾಯಿಸಿದ. ಅಷ್ಟರಲ್ಲಿ ಕ್ಷೌರಿಕನನ್ನು ಕರೆಸಿ ಮೀಸೆ ತಿದ್ದಿಸಿಕೊಂಡಿದ್ದ ಎಂದು ಆಮೇಲೆ ಸುದ್ದಿ ಬಂತು.

ಅದೇ ಕುಷ್ಟಗಿಯ ಶಬ್ಬೀರಸಾಬ ಎಂಬ ಮುದುಕರು ಹೋದ ವರ್ಷ ಹಜ್ಜಿಗೆ ಹೋಗಿ ಮದೀನಾದಲ್ಲೇ ತೀರಿಕೊಂಡಿದ್ದರು. ಊರೆಲ್ಲ ಮಾಫ್ ಮಾಡಿ, ಹೂವು ಹಾಕಿ ಕಳಿಸಿದ್ದರು ಅವರನ್ನು. ಪಿಂಜಾರ ಓಣಿಯವರೆಲ್ಲ "ಎಂಥಾ ನಸೀಬು, ಪೈಗಂಬರರ ಊರಿನ ಮಣ್ಣು ಸಿಕ್ತು" ಎಂದು ಹೊಗಳಿದ್ದೇ ಹೊಗಳಿದ್ದು. ಗೋಡೆಯ ಆಚೆ ಬಸವಣ್ಣೆಮ್ಮ ಅದನ್ನು ಕೇಳಿಸಿಕೊಂಡಿದ್ದಳು.

ಇನ್ನು ಉಳಿದದ್ದು ಆಕೆಯೊಬ್ಬಳೇ. ಹೊರಡುವ ಹಿಂದಿನ ದಿನ ಶಾಹಜಾದಬಿ ತಲೆ ತುಂಬ ಸೆರಗು ಹೊದ್ದು, ಗೋಡೆ ಸುತ್ತಿಕೊಂಡು, ಮುಂಬಾಗಿಲಿನಿಂದಲೇ ಹೋದಳು. ಬಸವಣ್ಣೆಮ್ಮ ಹಿತ್ತಲಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದಳು. ಆ ಚಳಿಗಾಲ ಆಕೆಗೆ ಕೆಟ್ಟ ಕೆಮ್ಮು ಹತ್ತಿತ್ತು.

"ಬಸವಣ್ಣೆಮ್ಮಾ, ನಾಳೆ ಹಜ್ಜಿಗೆ ಹೊಂಟೀನಿ. ಅಂದು ಹಂದರದಾಗ ಮಾಡಿದ್ದು ತಪ್ಪಾತು. ಮಾಫ್ ಮಾಡಬೇ."

ಆ ಮದುವೆಯ ಜಗಳದ ನಂತರ ಎದುರಿಗೆ ನಿಂತು ಮಾತಾಡಿದ್ದು ಇದೇ ಮೊದಲು. ಬಸವಣ್ಣೆಮ್ಮನ ಕೈಯ ಮೇವು ಕೆಳಗೆ ಬಿತ್ತು. ಆದರೂ ಆಕೆ ಈಕಡೆ ತಿರುಗಲಿಲ್ಲ, ಎಮ್ಮೆಯ ಕೊಂಬು ಹಿಡಿದು ಹೇಳಿದಳು.

"ಗಂಗವ್ವಾ, ಮಾಫಿ ಅಂತ ಮಾಫಿ! ನಾ ಮಾಡೂದಿಲ್ಲ ಅಂತ ಹೇಳು. ಬೇಕಾಗಿದ್ರ ಹೋಗಿ ಬಂದು ಕೇಳಲಿ. ಆವಾಗ ನೋಡೂಣು."

ಶಾಹಜಾದಬಿ ಬೇಡಿದಳು, ಕೈಮುಗಿದಳು. ಕೊನೆಗೆ ಸಿಟ್ಟು ಬಂದು "ನಿನ್ನಂಥಾಕೀನ್ನ..." ಎಂದು ಶುರುಮಾಡಿ, ಹೊಸ ತಪ್ಪು ಸೇರೀತೆಂದು ನಾಲಿಗೆ ಕಚ್ಚಿಕೊಂಡು ಓಡಿಬಂದಳು. ಮನೆಗೆ ಬಂದು ಅತ್ತೇ ಅತ್ತಳು. ಹೊಲ ಹೋಯಿತು, ನಾಲ್ಕು ತಾಲೂಕು ಸುತ್ತಿದ್ದಾಯಿತು, ಒಂದು ಎಮ್ಮೆಯ ಒಡತಿಯ ಹಟದಿಂದ ಹಜ್ಜೇ ನೀರಿಗೆ ಹೋಗುವ ಹೊತ್ತು ಬಂತಲ್ಲ! ಬೇಗಂಳನ್ನು ಅದೇ ಓಣಿಯ ಮೆಹರುನಬಿಯ ಮನೆಯಲ್ಲಿ ಬಿಟ್ಟು, ಮಾರನೆಯ ದಿನ ತಳಕಲ್ ಸ್ಟೇಷನ್ನಿನಲ್ಲಿ ಗದಗಿನ ಗಾಡಿ ಹತ್ತಿದಳು. ಊರಿಗೆ ಊರೇ ಬಂದಿತ್ತು. ಬಸವಣ್ಣೆಮ್ಮ ಬಂದಿರಲಿಲ್ಲ.

ಮುಂಬೈಯಲ್ಲಿ ಹಡಗು ನೋಡಿ ಶಾಹಜಾದಬಿಗೆ ಬಾಯಿ ಕಟ್ಟಿತು, ಅಲ್ಲಾಸಾಬನಿಗೆ ಅದೇ ಹಜ್ಜಿನಷ್ಟು ದೊಡ್ಡ ಸುಖ. ಆದರೆ ನಿಜವಾದ ಪರೀಕ್ಷೆ ಮುಂದಿತ್ತು. ಹಜ್ಜಿನ ವ್ರತದ ಇಹ್ರಾಮ್ ಕಟ್ಟಿದ ಮೇಲೆ ಹೇನು ಕೊಲ್ಲಬಾರದು, ಉಗುರು ಕತ್ತರಿಸಬಾರದು, ಜಗಳ ಮಾಡಬಾರದು. ಹೇನು, ಉಗುರು ಇರಲಿ ಬಿಡಿ. ಜಗಳ! ಹಡಗಿನಲ್ಲಿ ಒಬ್ಬ ದೊಡ್ಡ ಮನೆತನದ ಶಹನಾಜಬೇಗಂ ಎಂಬಾಕೆ ದಿನಾ ಈಕೆಯ ಹಾಸಿಗೆಯ ಮೇಲೆ ತನ್ನ ಗಂಟು ಇಡುತ್ತಿದ್ದಳು. ಊರಲ್ಲಾಗಿದ್ದರೆ ಆ ಗಂಟು ಸಮುದ್ರ ಕಾಣುತ್ತಿತ್ತು. ಶಾಹಜಾದಬಿ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, "ಲಬ್ಬೈಕ್ ಲಬ್ಬೈಕ್", ಬಂದೆ ದೇವರೇ ಬಂದೆ, ಎಂದು ಎಷ್ಟು ಜೋರಾಗಿ ಕೂಗಿದಳೆಂದರೆ ಆ ಹೆಂಗಸು ಹೆದರಿ ಗಂಟು ಎತ್ತಿಕೊಂಡಳು.

"ದುವಾ ಯಾವ ಮಾತಿನಾಗ ಕೇಳಬೇಕ್ರಿ?" ಎಂದು ದಾರಿಯುದ್ದಕ್ಕೂ ಗಂಡನನ್ನು ಪೀಡಿಸಿದಳು. "ನನಗ ಅರಬ್ಬಿ ಬರೂದಿಲ್ಲ. ಉರ್ದೂನೂ ಅಷ್ಟಕ್ಕಷ್ಟ. ಕನ್ನಡ ಆತಗ ತಿಳಿತೈತೇನ?"

"ಪಿಂಜಾರರನ್ನ ಹುಟ್ಟಿಸಿದಾವಗ ಪಿಂಜಾರರ ಮಾತು ತಿಳೀದಂದ್ರ ಹೆಂಗ?" ಎಂದ ಅಲ್ಲಾಸಾಬ. ವರ್ಷದ ಮಾತೆಲ್ಲ ಅದರಲ್ಲೇ ಮುಗಿಯಿತು ಆತನದು.

ಮಕ್ಕಾದ ಹರಮ್ ಶರೀಫ್ ಮಸೀದಿಯ ಬಾಗಿಲಲ್ಲಿ ಆಕೆ ಕಣ್ಣು ಮುಚ್ಚಿಕೊಂಡು, ಗಂಡನ ಕೈ ಹಿಡಿದು ಒಳಗೆ ಹೋದಳು. ಮನಸ್ಸಿನಲ್ಲಿ ಕೋರಿಕೆಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದಳು: ಜೋಹರಾಬಿಯ ಮೊಮ್ಮಗ, ಪಾರ್ವತೆಮ್ಮನ ಮಂಡಿ, ಈಶಪ್ಪನ ವ್ಯಾಪಾರ, ತಮಗಿಬ್ಬರಿಗೆ ಒಳ್ಳೆಯ ಸಾವು. "ಈಗ ಕಣ್ಣ ತಗಿ" ಎಂದ ಗಂಡ. ತೆರೆದಳು. ಕರಿಯ ಹೊದಿಕೆಯ ಕಾಬಾ ಎದುರಿಗೆ ನಿಂತಿತ್ತು. ಸುತ್ತ ಲೋಕದ ಜನವೆಲ್ಲ ಬಿಳಿಯ ಬಟ್ಟೆಯಲ್ಲಿ ತಿರುಗುತ್ತಿತ್ತು. ಶಾಹಜಾದಬಿಗೆ ಯಾಕೋ ಹಂದರದಲ್ಲಿ ಹಾರಿದ ಅರಳೆ ನೆನಪಾಯಿತು. ಅದರ ಹಿಂದೆಯೇ ಬಸವಣ್ಣೆಮ್ಮನ ಕೆಮ್ಮು ಕೇಳಿದಂತಾಯಿತು. ತಾನು ಊರು ಮುಟ್ಟುವುದರೊಳಗೆ ಆಕೆ ಸತ್ತೇ ಹೋದರೆ? ಜೋಡಿಸಿದ ಸಾಲೆಲ್ಲ ಕಲಸಿಹೋಗಿ, ಬಾಯಿಂದ ಬಂದದ್ದು ಒಂದೇ ಮಾತು.

"ಯಾ ಅಲ್ಲಾ, ಆ ಬಸವಣ್ಣೆಮ್ಮ ನನ್ನ ಮಾಫ್ ಮಾಡೂತನಕ ಆಕೀನ್ನ ಸಾಯಗೊಡಬ್ಯಾಡೋ!"

ಹೇಳಿ ಮುಗಿಸಿದ ಮೇಲೆ ಕೈ ಬಾಯಿಗೆ ಹೋಯಿತು. ಹುಸಿಹೋಗದ ದುವಾ ಒಂದೇ, ಅದೂ ಖರ್ಚಾಗಿಹೋಗಿತ್ತು! ಅಲ್ಲಾಸಾಬ ಮೊದಲು ಗಾಬರಿಯಾದ, ಆಮೇಲೆ ಅಳುತ್ತಿದ್ದ ಜನರ ನಡುವೆ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಸುತ್ತಲಿನವರು ಭಕ್ತಿ ಎಂದುಕೊಂಡರು.

ಉಳಿದವರ ಕೋರಿಕೆಗಳನ್ನು ಆಕೆ ಬಿಡಲಿಲ್ಲ. ಜಮ್‌ಜಮ್ ಬಾವಿಯ ನೀರು ಕುಡಿಯುವಾಗ ಜೋಹರಾಬಿಯದು ಕೇಳಿದಳು. ಸಫಾ ಮರ್ವಾ ಗುಡ್ಡಗಳ ನಡುವೆ ಓಡಾಡುವಾಗ, ತನ್ನ ಮಂಡಿಯೂ ಹಿಡಿದುಕೊಂಡಾಗ, ಪಾರ್ವತೆಮ್ಮನದು ಮನಸ್ಸಿಟ್ಟು ಕೇಳಿದಳು. ಅರಫಾತಿನ ಬಯಲಲ್ಲಿ ಹೊತ್ತು ಮುಳುಗುವ ತನಕ ಅತ್ತಳು, "ಒಂದು ಮಾಫಿ ಕಡಿಮಿ ಐತಿ, ಆದ್ರೂ ತಗೋ" ಎಂದು ಕೈಯೆತ್ತಿದಳು. ಇನ್ನು ಮಿನಾದಲ್ಲಿ ಶೈತಾನನಿಗೆ ಕಲ್ಲು ಹೊಡೆಯುವುದು ಬಂತು. ಇಷ್ಟು ದಿನ ಕಟ್ಟಿಟ್ಟ ನಾಲಿಗೆ! ಬೈದರೆ ಮಾಫಿ ಕೇಳಬೇಕಾಗಿಲ್ಲದ ಒಬ್ಬನೇ ಒಬ್ಬ ಸಿಕ್ಕಿದ್ದ. ಒಂದೊಂದು ಕಲ್ಲಿಗೂ ಒಂದೊಂದು ತಳಕಲ್ಲಿನ ಬೈಗುಳ ಸೇರಿಸಿ ಬೀಸಿದಳು. ಶೈತಾನ ಅರಬ್ಬಿ ಬೈಗುಳ ಕೇಳಿ ರೂಢಿಯಾದವನು, ಕನ್ನಡದ್ದು ಆತನಿಗೆ ಹೊಸದಾಗಿತ್ತೋ ಏನೋ. ಪಕ್ಕದಲ್ಲಿದ್ದ ಶಹನಾಜಬೇಗಂ ಮಾತು ತಿಳಿಯದಿದ್ದರೂ ಧಾಟಿ ತಿಳಿದು ಎರಡು ಹೆಜ್ಜೆ ಹಿಂದೆ ಸರಿದಳು.

ಮದೀನಾದಲ್ಲಿ ಪೈಗಂಬರರ ಗೋರಿಯ ಹಸಿರು ಗುಂಬಜಿನ ಮುಂದೆ ಆಕೆ ಕೂತಳು. ಶಬ್ಬೀರಸಾಬ ಇಲ್ಲೇ ಎಲ್ಲೋ ಮಲಗಿದ್ದಾರೆ ಎಂದು ಸಲಾಮ್ ಹೇಳಿದಳು. ಬೇರೆ ಮುದುಕಿಯರು ಇದೇ ಮಣ್ಣು ನಮಗೂ ಸಿಗಲಿ ಎಂದು ಬೇಡುತ್ತಿದ್ದರು. ಈಕೆಗೂ ಆಸೆಯಾಗದೆ ಇರಲಿಲ್ಲ. ಆದರೆ ಊರಲ್ಲಿ ಒಂದು ಬಾಕಿ ಇತ್ತಲ್ಲ, "ನನಗ ಕೆಲಸ ಐತಿ, ಹೋಗಬೇಕು" ಎಂದು ಎದ್ದಳು.

ಬೇಸಿಗೆ ಶುರುವಾಗುವಾಗ ಗಾಡಿ ತಳಕಲ್ ಸ್ಟೇಷನ್ನಿಗೆ ಬಂತು. ಹೂವಿನ ಹಾರ, ಕೈಗೆ ಮುತ್ತು, ಖರ್ಜೂರಕ್ಕೆ ನೂಕುನುಗ್ಗಲು. ಎಲ್ಲರೂ ಹಾಜಿಬಿ ಹಾಜಿಬಿ ಎಂದು ಕರೆಯುವಾಗ ಆಕೆಯ ಕಣ್ಣು ಒಂದೇ ಮುಖ ಹುಡುಕುತ್ತಿತ್ತು. ಅದು ಅಲ್ಲಿರಲಿಲ್ಲ. ಹಾರ ಕೊರಳಲ್ಲಿದ್ದಂತೆಯೇ, ಜಮ್‌ಜಮ್ ಡಬ್ಬಿ ಕಂಕುಳಲ್ಲಿ ಹಿಡಿದು, ಮನೆಗೂ ಹೋಗದೆ ಸೀದಾ ಆ ಹಿತ್ತಲಿಗೇ ನಡೆದಳು.

ಬಸವಣ್ಣೆಮ್ಮ ಎಮ್ಮೆಯ ಮೈ ತಿಕ್ಕುತ್ತಿದ್ದಳು. ಎಮ್ಮೆಯ ಬೆನ್ನ ಮೇಲೆ ಬೇಗಂ ಕೂತಿತ್ತು! ಬಿಟ್ಟುಹೋಗುವಾಗ ಬಡಕಲಾಗಿದ್ದ ಕೋಳಿ ಜೋಳ ತಿಂದು ತಿಂದು ಗುಂಡಗಾಗಿತ್ತು.

"ನೋಡ ಗಂಗವ್ವಾ, ಬಂದ್ಳು," ಎಂದಳು ಬಸವಣ್ಣೆಮ್ಮ ತಿರುಗದೆ. "ಸೊರಗ್ಯಾಳ. ಅಲ್ಲಿ ಮಂದಿ ಹೊಟ್ಟಿಗಿ ಸರಿಯಾಗಿ ಹಾಕಿಲ್ಲ ಕಾಣತೈತಿ."

"ಬೇಗಂ, ನೀ ಲಿಂಗವಂತರ ಮನ್ಯಾಗ ಏನ ಮಾಡಾಕ ಹತ್ತೀಯ?"

"ಗಂಗವ್ವಾ, ಹೇಳು ಆಕಿಗೆ. ಆ ಮೆಹರುನಬಿ ಬಕ್ರೀದ ಮುಂದ ಮಸಾಲಿ ಅರಿಯೂದು ನೋಡಿದ್ನಿ. ಇದರ ಕಡೀನ ನೋಡಕೋತ ಅರೀತಿದ್ಲು. ಕಸಗೊಂಡು ಬಂದ್ನಿ. ನಮ್ಮ ಮಂದಿ ಎಲ್ಲಾ ಬೈದ್ರು, ಬೈಲಿ. ನನಗ ಮುಂಜಾಲೆ ಮಾತಿಗೆ ಯಾರರ ಬೇಕಿತ್ತಲ್ಲ."

ಶಾಹಜಾದಬಿಗೆ ಇನ್ನು ತಡೆಯಲಾಗಲಿಲ್ಲ. "ಬಸವಣ್ಣೆಮ್ಮಾ, ಕೋಳಿಗೆ ಇಷ್ಟು ಮಾಡ್ದಾಕಿ ನನಗ ಒಂದು ಮಾಫಿ ಯಾಕ ಕೊಡಲಿಲ್ಲ? ಅಲ್ಲಿ ಹೋಗಿ ಎಷ್ಟು ಅತ್ತೀನಿ ಗೊತ್ತೇನ ನಿನಗ?"

ಆಗ ಬಸವಣ್ಣೆಮ್ಮ ಎಮ್ಮೆಯನ್ನು ಬಿಟ್ಟು ತಿರುಗಿದಳು. ಅಷ್ಟೂ ವರ್ಷದಲ್ಲಿ ಮೊದಲ ಸಲ ಆಕೆಯ ಮುಖ ನೋಡಿ ಮಾತಾಡಿದಳು.

"ಶಬ್ಬೀರಸಾಬಗ ಊರ ಮಂದೆಲ್ಲಾ ಮಾಫ್ ಮಾಡಿ ಕಳಸಿದ್ರು. ಎಲ್ಲಾ ಚುಕ್ತಾ ಆತು, ಆತ ಅಲ್ಲೇ ಉಳದ. ತಿರುಗಿ ಬರಾಕ ಆತಗ ಏನ ಉಳದಿತ್ತು? ನಿಂದೂ ಎಲ್ಲಾ ಚುಕ್ತಾ ಆಗಿದ್ರ ನೀನೂ ಹಂಗ ಮಾಡ್ತಿದ್ದಿ. ಅದಕ ಒಂದು ಬಾಕಿ ಇರಲಿ ಅಂತ ಇಟಗೊಂಡ್ನಿ. ನನ್ನ ಸಲುವಾಗಿ ಅಲ್ಲ ಮತ್ತ! ನಿನ್ನ ದನಿ ಕೇಳದಿದ್ರ ಎಮ್ಮಿ ಹಾಲು ಬಿಡೂದಿಲ್ಲ."

ಹೀಗೆಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇರಲಿ, ಬಂದಿ. ಇನ್ನೇನೈತಿ, ನಾ ನಿನ್ನ ಮಾಫ್..."

ಶಾಹಜಾದಬಿ ಜಿಗಿದು ಆಕೆಯ ಬಾಯಿ ಒತ್ತಿ ಹಿಡಿದಳು. ಜಮ್‌ಜಮ್ ಡಬ್ಬಿ ಮೇವಿನ ಮೇಲೆ ಉರುಳಿತು, ಬೇಗಂ ಕಿರುಚಿ ಹಾರಿತು.

"ಅನಬ್ಯಾಡ! ಅನಬ್ಯಾಡಬೇ! ಅಲ್ಲಿ ಹುಸಿ ಹೋಗದ ದುವಾದಾಗ ನಾ ಏನ ಕೇಳೀನಿ ಗೊತ್ತೇನ? ನೀ ಮಾಫ್ ಮಾಡೂತನಕ ನಿನ್ನ ಸಾಯಗೊಡಬ್ಯಾಡ ಅಂತ ಕೇಳೀನಿ. ನೀ ಮಾಫ್ ಅಂದಿ ಅಂದ್ರ ದುವಾ ಮುಗೀತು!"

ಬಸವಣ್ಣೆಮ್ಮ ಆಕೆಯ ಕೈ ಸರಿಸಿ ಮೆಲ್ಲಗೆ ಕೇಳಿದಳು: "ಮತ್ತ ನಿನ್ನ ಹಜ್? ಒಂದು ಮಾಫಿ ಉಳದ್ರ ಬರೇ ತಿರುಗಾಟ ಅಂದಿದ್ರಲ್ಲ ನಿಮ್ಮ ಮುಲ್ಲಾಸಾಬ್ರು?"

ಅದೇ ಪ್ರಶ್ನೆ ಹಡಗಿನುದ್ದಕ್ಕೂ ಶಾಹಜಾದಬಿಯ ಎದೆಯಲ್ಲಿ ಕೂತಿತ್ತು. ಹೊಲ ಮಾರಿ ಮಾಡಿದ ಹಜ್ಜು, ಜೀವಮಾನದ ಒಂದೇ ಹಜ್ಜು. ಆಕೆಗೆ ದುಃಖ ಉಕ್ಕಿ ಬಂತು. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೇಳಿದಳು.

"ಅದು ನನಗೂ ದೇವರಿಗೂ ಸಂಬಂಧ. ನೀ ನಡುವ ಬರಬ್ಯಾಡ, ಬಾಯಿ ಮುಚ್ಚು."

ಮಾರನೆಯ ಮುಂಜಾನೆ ಎಮ್ಮೆ ಕೋಳಿಗಳ ಮಾತು ಮೊದಲಿನಂತೆಯೇ ಶುರುವಾಯಿತು. ಹಾಜಿಬಿಯಾದವಳು ಹೀಗೆ ಬೈಯಬಹುದೇ ಎಂದು ಮುಲ್ಲಾಸಾಬರು ಒಂದೆರಡು ಸಲ ಬುದ್ಧಿ ಹೇಳಿ, ತಾವೇ ಮಾಫಿ ಕೇಳುವ ಪರಿಸ್ಥಿತಿ ಬಂದೀತೆಂದು ಬಿಟ್ಟುಬಿಟ್ಟರು.

ಆಮೇಲೆ ಯುದ್ಧದ ಕಾಲ ಬಂತು. ಸೀಮೆಎಣ್ಣೆ ಸಿಗದ ಒಂದು ವರ್ಷ ಬಸವಣ್ಣೆಮ್ಮ ಜ್ವರ ಬಂದು ಮಲಗಿದಳು. ಅನ್ನ ನೀರು ಬಿಟ್ಟಳು, ಮಗಳು ಅಳಿಯ ಬಂದರು. "ಪಿಂಜಾರಕೀನ್ನ ಕರೀರಿ. ಆಕಿ ಹಜ್ ನನ್ನಿಂದ ಕೆಡೂದು ಬ್ಯಾಡ, ಮಾಫ್ ಮಾಡೇ ಹೋಗ್ತೀನಿ" ಎಂದು ಹಟ ಹಿಡಿದಳು. ಮಗಳು ಓಡಿಬಂದು ಕರೆದಾಗ ಶಾಹಜಾದಬಿ ಗಂಡ ಹಿಂಜುತ್ತಿದ್ದ ರಾಶಿಯಿಂದ ಒಂದು ಹಿಡಿ ಅರಳೆ ಕಿತ್ತುಕೊಂಡಳು. ಎರಡು ಉಂಡೆ ಮಾಡಿ ಎರಡೂ ಕಿವಿಗೆ ಬಿಗಿಯಾಗಿ ತುರುಕಿದಳು. ಉಳಿಸಿಟ್ಟ ಜಮ್‌ಜಮ್ ತೆಗೆದುಕೊಂಡು ಹೋಗಿ ಹಾಸಿಗೆಯ ಪಕ್ಕದಲ್ಲಿ ಕೂತಳು.

ಬಸವಣ್ಣೆಮ್ಮ ಬಾಯಿ ತೆರೆದಳು. ಶಾಹಜಾದಬಿ ಚಮಚೆಯಿಂದ ನೀರು ಹನಿಸಿದಳು. ಮತ್ತೆ ತೆರೆದಳು, ಮತ್ತೆ ಹನಿಸಿದಳು. ಬಸವಣ್ಣೆಮ್ಮ ಏನೋ ಹೇಳಿದಳು, ಕೈಸನ್ನೆ ಮಾಡಿದಳು, ಕೊನೆಗೆ ಸಿಟ್ಟಿನಿಂದ ಹಾಸಿಗೆ ಗುದ್ದಿದಳು. "ಕೇಳಸವಲ್ದು!" ಎಂದು ಶಾಹಜಾದಬಿ ಓಣಿಗೆಲ್ಲ ಕೇಳುವಂತೆ ಕೂಗಿದಳು. ದಿನಾ ಹೋದಳು, ದಿನಾ ಅದೇ ಮಾಡಿದಳು. ಮನೆಯಲ್ಲಿದ್ದಾಗಲೂ ಅರಳೆ ತೆಗೆಯಲಿಲ್ಲ, ಆ ಮಾಫಿಯ ಮಾತು ಗೋಡೆ ಹಾರಿ ಬಂದರೆ ಏನು ಗತಿ? ಅಲ್ಲಾಸಾಬ ಬಿಲ್ಲು ಬಾರಿಸಿದ್ದೂ ಆಕೆಗೆ ಕೇಳುತ್ತಿರಲಿಲ್ಲ. ಒಲೆಯ ಮುಂದೆ ಕೂತು ಸೆರಗಿನ ತುದಿ ಒದ್ದೆ ಮಾಡುತ್ತಿದ್ದಳು.

ಒಂದು ಮುಂಜಾನೆ ಅಲ್ಲಾಸಾಬ ಬಂದು ಆಕೆಯ ಭುಜ ಮುಟ್ಟಿದ. ಹಿತ್ತಲ ಕಡೆ ಕೈ ತೋರಿಸಿ, ತಾನೇ ಆಕೆಯ ಒಂದು ಕಿವಿಯ ಅರಳೆ ಎಳೆದು ತೆಗೆದ.

"ಗಂಗವ್ವಾ!" ಗೋಡೆಯ ಆಚೆಯ ದನಿ ಸೋತಿತ್ತು, ಆದರೆ ಖಾರ ಕಡಿಮೆಯಾಗಿರಲಿಲ್ಲ. "ಸಾಯೂ ಮಂದೀಗೆ ಒಂದು ಮಾತು ಆಡಾಕ ಬಿಡೂದಿಲ್ಲಂದ್ರ, ಆ ಪಿಂಜಾರಕೀಗೆ ಎಷ್ಟು ಸೊಕ್ಕಿರಬೇಕು ನೋಡು!"

ಶಾಹಜಾದಬಿ ಇನ್ನೊಂದು ಕಿವಿಯ ಅರಳೆಯನ್ನೂ ಕಿತ್ತೆಸೆದಳು. ಕಣ್ಣು ಒರೆಸಿಕೊಂಡು, ಬುಟ್ಟಿಯ ಕೆಳಗಿನಿಂದ ಬೇಗಂಳನ್ನು ಎತ್ತಿಕೊಂಡು, ಉತ್ತರ ಕೊಡಲು ಗೋಡೆಯ ಕಡೆ ಓಡಿದಳು.